ಒಂದೇ ಮನೆ, ಒಂದೇ ಅಡುಗೆ: ಗಂಡಸರ ಲಿವರ್‌ನಲ್ಲೇ ಕೊಬ್ಬು ಮೊದಲು ಸೇರುವುದೇಕೆ?

ಹೇಮಾವತಿದಂಡೆ

ನಮ್ಮ ಬಂಧುಬಳಗದ ಕೆಲವು ಮನೆಗಳಲ್ಲಿ ಒಂದು ಸಂಗತಿಯನ್ನು ಗಮನಿಸಿದ್ದೇನೆ. ನಲವತ್ತರ ಆಸುಪಾಸಿನ ಗಂಡ ಹೆಂಡತಿ ಇಬ್ಬರಿಗೂ ಮೈತೂಕ ಹೆಚ್ಚು. ಇಬ್ಬರೂ ಉಣ್ಣುವುದು ಒಂದೇ ಅಡುಗೆ, ಒಂದೇ ಡಬ್ಬದ ಎಣ್ಣೆ. ಹಾಗಿದ್ದರೂ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಗಂಡನ ರಿಪೋರ್ಟಿನಲ್ಲಿ ಫ್ಯಾಟಿ ಲಿವರ್ ಎಂದು ಬರುತ್ತದೆ, ಹೆಂಡತಿಯದರಲ್ಲಿ ಬರುವುದಿಲ್ಲ. ಆದರೆ ಐವತ್ತೈದು ದಾಟಿದ ಅತ್ತೆಯ ರಿಪೋರ್ಟಿನಲ್ಲಿ ಮತ್ತೆ ಅದೇ ಮಾತು. ಯಾರೂ ಮದ್ಯ ಮುಟ್ಟುವವರಲ್ಲ. ಕಾರಣ ಬೊಜ್ಜು ಎನ್ನುವುದಾದರೆ ಇಬ್ಬರಿಗೂ ಒಂದೇ ಬಗೆಯಲ್ಲಿ ಆಗಬೇಕಿತ್ತಲ್ಲವೇ? ಜೀವರಸಾಯನವನ್ನು ಬಲ್ಲವರು ಇಲ್ಲಿದ್ದರೆ ದಯವಿಟ್ಟು ವಿವರಿಸಬೇಕು. "ತೂಕ ಇಳಿಸಿ, ಎಣ್ಣೆ ಬಿಡಿ" ಎಂಬ ಉತ್ತರವನ್ನು ಈಗಾಗಲೇ ಬೇಕಾದಷ್ಟು ಸಲ ಕೇಳಿದ್ದೇನೆ.

ಜೀವರಸ

ನಾನು ಜೀವರಸಾಯನಶಾಸ್ತ್ರ ಕಲಿಸುವವನು, ಚಿಕಿತ್ಸೆ ನೀಡುವವನಲ್ಲ. ಆ ಮಿತಿಯೊಳಗೆ ಹೇಳುತ್ತೇನೆ.

ಲಿವರ್‌ಗೆ ಕೊಬ್ಬಿನಾಮ್ಲ (ಕೊಬ್ಬಿನ ಬಿಡಿ ಘಟಕ) ಎಲ್ಲಿಂದ ಬರುತ್ತದೆ, ಬಂದದ್ದು ಎಲ್ಲಿಗೆ ಹೋಗುತ್ತದೆ ಎಂದು ಪ್ರಶ್ನೆಯನ್ನು ಎರಡಾಗಿ ಬಿಡಿಸಿಕೊಳ್ಳೋಣ. ಬರುವ ದಾರಿಗಳು ಮೂರು. ಮೈಯ ಕೊಬ್ಬಿನ ಕೋಶಗಳಿಂದ ಬಿಡುಗಡೆಯಾಗಿ ರಕ್ತದಲ್ಲಿ ತೇಲಿಬರುವ ಕೊಬ್ಬಿನಾಮ್ಲ ಒಂದು. ಸಕ್ಕರೆ, ಪಿಷ್ಟಗಳಿಂದ ಲಿವರ್ ತಾನೇ ಹೊಸದಾಗಿ ತಯಾರಿಸುವುದು ಇನ್ನೊಂದು. ಊಟದ ಕೊಬ್ಬು ನೇರವಾಗಿ ತಲುಪುವುದು ಮೂರನೆಯದು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ತಂಡವು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಯಾಪ್ಸಿ (ಲಿವರ್ ಚೂರು ತೆಗೆದು ನೋಡುವ ಪರೀಕ್ಷೆ) ಆಗಬೇಕಿದ್ದ ಫ್ಯಾಟಿ ಲಿವರ್ ರೋಗಿಗಳಿಗೆ ಗುರುತು ಹಚ್ಚಿದ, ವಿಕಿರಣವಿಲ್ಲದ ಐಸೊಟೋಪುಗಳನ್ನು ಮೊದಲೇ ಕೆಲವು ದಿನ ಕೊಟ್ಟು, ಆಮೇಲೆ ತೆಗೆದ ಲಿವರ್ ತುಣುಕಿನಲ್ಲಿ ಯಾವ ಗುರುತು ಎಷ್ಟಿದೆ ಎಂದು ಅಳೆದರು. ಲಿವರ್‌ನ ಟ್ರೈಗ್ಲಿಸರೈಡ್‌ನಲ್ಲಿದ್ದ, ಅಂದರೆ ಶೇಖರವಾದ ಕೊಬ್ಬಿನಲ್ಲಿದ್ದ, ಕೊಬ್ಬಿನಾಮ್ಲದ ಸುಮಾರು 59 ಶೇಕಡಾ ರಕ್ತದಲ್ಲಿ ತೇಲಿಬಂದದ್ದು, 26 ಶೇಕಡಾ ಲಿವರ್‌ನಲ್ಲೇ ಹುಟ್ಟಿದ್ದು, 15 ಶೇಕಡಾ ಮಾತ್ರ ಊಟದಿಂದ ನೇರವಾಗಿ ಬಂದದ್ದು.

ಹೋಗುವ ದಾರಿಗಳು ಎರಡು. ಕೊಬ್ಬಿನಾಮ್ಲವು ಕೋಶದಲ್ಲಿ ಇಂಧನ ಉರಿಸುವ ಭಾಗವಾದ ಮೈಟೊಕಾಂಡ್ರಿಯದಲ್ಲಿ ಉರಿದು ಶಕ್ತಿಯಾಗುತ್ತದೆ ಅಥವಾ ಬೇರೆ ಅಂಗಗಳಿಗೆ ಇಂಧನವಾಗುವ ಕೀಟೋನ್ ಆಗುತ್ತದೆ. ಇಲ್ಲವೇ ವಿಎಲ್‌ಡಿಎಲ್ ಎಂಬ ಕಣದಲ್ಲಿ ತುಂಬಿಕೊಂಡು ರಕ್ತಕ್ಕೆ ಮರಳುತ್ತದೆ. ಒಳಬರುವುದು ಇವೆರಡರ ಮೊತ್ತವನ್ನು ಮೀರಿದಾಗ ಉಳಿದದ್ದು ಲಿವರ್ ಕೋಶದಲ್ಲಿ ಹನಿಯಾಗಿ ನಿಲ್ಲುತ್ತದೆ. ಬೊಜ್ಜು ಮುಖ್ಯವಾಗಿ ಒಳಬರುವುದನ್ನು ಹೆಚ್ಚಿಸುತ್ತದೆ. ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಎರಡೂ ಕಡೆ ಕೈಯಾಡಿಸುತ್ತದೆ. ನಿಮ್ಮ ಬಳಗದಲ್ಲಿ ಕಂಡ ವ್ಯತ್ಯಾಸ ಇಲ್ಲಿಂದ ಹುಟ್ಟಿದ್ದು ಎಂಬುದು ನನ್ನ ಅಭಿಪ್ರಾಯ.

ಕಡಲತಡಿ

ಊಟದ ಪಾಲು 15 ಶೇಕಡಾ ಮಾತ್ರವೆಂದರೆ ವೈದ್ಯರು ಎಣ್ಣೆಯ ಮೇಲೇ ಏಕೆ ಎಗರಿ ಬೀಳುತ್ತಾರೆ? ನಾವು ಕರಾವಳಿಯವರು, ತೆಂಗಿನಕಾಯಿ ಇಲ್ಲದೆ ಪದಾರ್ಥ ಮಾಡಲಾರೆವು.

ಜೀವರಸ

ಆ 15 ಶೇಕಡಾವನ್ನು ಹಾಗೆ ಓದಬಾರದು. ಮೈಯ ಕೊಬ್ಬಿನ ಕೋಶಗಳಿಂದ ಬಂದ 59 ಶೇಕಡಾ ಕೂಡ ಎಂದೋ ಉಂಡ ಊಟವೇ. ಲಿವರ್‌ನಲ್ಲಿ ಹುಟ್ಟಿದ 26 ಶೇಕಡಾದ ಕಚ್ಚಾವಸ್ತು ಅನ್ನ, ಮೈದಾ, ಸಕ್ಕರೆ. ಅದರಲ್ಲಿಯೂ ಸಕ್ಕರೆಯ ಅರ್ಧಭಾಗವಾದ ಫ್ರುಕ್ಟೋಸ್, ಬಹುಪಾಲು ಕರುಳು ಮತ್ತು ಲಿವರ್‌ನಲ್ಲೇ ಕರಗುವುದರಿಂದ, ಈ ತಯಾರಿಕೆಗೆ ಬಲು ಅನುಕೂಲ. ಆರೋಗ್ಯವಂತರಲ್ಲಿ ಉಪವಾಸದ ಹೊತ್ತಿಗೆ ಈ ಹೊಸ ತಯಾರಿಕೆ ತೀರ ಕಡಿಮೆ ಇರುತ್ತದೆ. ಫ್ಯಾಟಿ ಲಿವರ್ ಇರುವವರಲ್ಲಿ ಅದು ಉಪವಾಸದಲ್ಲಿಯೂ ನಿಲ್ಲುವುದಿಲ್ಲ, ಏಕೆಂದರೆ ಇನ್ಸುಲಿನ್ ಹಗಲಿರುಳು ಏರಿಯೇ ಇರುತ್ತದೆ.

ಎಣ್ಣೆಯ ವಿಷಯದಲ್ಲಿ ಪ್ರಮಾಣದಷ್ಟೇ ಜಾತಿಯೂ ಮುಖ್ಯ. ಸ್ವೀಡನ್ನಿನ ಉಪ್ಸಾಲದಲ್ಲಿ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೆಳ್ಳಗಿನ ಯುವಜನರಿಗೆ ಏಳು ವಾರ ದಿನವೂ ಹೆಚ್ಚುವರಿಯಾಗಿ ಮಫಿನ್ ತಿನ್ನಿಸಿದರು. ಒಂದು ಗುಂಪಿನ ಮಫಿನ್‌ಗೆ ತಾಳೆ ಎಣ್ಣೆ, ಇನ್ನೊಂದಕ್ಕೆ ಸೂರ್ಯಕಾಂತಿ ಎಣ್ಣೆ. ಎರಡೂ ಗುಂಪುಗಳ ತೂಕ ಒಂದೇ ಪ್ರಮಾಣದಲ್ಲಿ ಏರಿತು, ಆದರೆ ಲಿವರ್ ಕೊಬ್ಬು ಮತ್ತು ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಾಗಿ ಏರಿದ್ದು ತಾಳೆ ಎಣ್ಣೆಯ ಗುಂಪಿನಲ್ಲಿ. ಹೆಲ್ಸಿಂಕಿಯ ತಂಡವು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೈತೂಕ ಹೆಚ್ಚಿದ್ದವರಿಗೆ ಮೂರು ವಾರ ದಿನಕ್ಕೆ 1000 ಕಿಲೋಕ್ಯಾಲರಿ ಹೆಚ್ಚುವರಿಯಾಗಿ ಕೊಟ್ಟಾಗ, ಲಿವರ್ ಕೊಬ್ಬು ಸ್ಯಾಚುರೇಟೆಡ್ (ಬೆಣ್ಣೆಯಂತೆ ಗಟ್ಟಿಯಾಗುವ) ಕೊಬ್ಬಿನ ಗುಂಪಿನಲ್ಲಿ 55, ಸಕ್ಕರೆಯ ಗುಂಪಿನಲ್ಲಿ 33, ಅನ್‌ಸ್ಯಾಚುರೇಟೆಡ್ ಕೊಬ್ಬಿನ ಗುಂಪಿನಲ್ಲಿ 15 ಶೇಕಡಾ ಏರಿತು.

ತಾಳೆ ಎಣ್ಣೆಯ ಸುಮಾರು 44 ಶೇಕಡಾ ಪಾಮಿಟಿಕ್ ಆಮ್ಲ ಎಂಬ ಸ್ಯಾಚುರೇಟೆಡ್ ಕೊಬ್ಬಿನಾಮ್ಲ. ತೆಂಗಿನೆಣ್ಣೆಯಲ್ಲಿ ಹೆಚ್ಚಿರುವುದು ಲಾರಿಕ್ ಆಮ್ಲ, ಅದರ ಇಂಗಾಲದ ಸರಪಳಿ ಮೋಟು. ಹಾಗಾಗಿ ಉಪ್ಸಾಲದ ಫಲಿತಾಂಶವನ್ನು ನಿಮ್ಮ ಪದಾರ್ಥಕ್ಕೆ ಹಾಗೆಯೇ ಅಂಟಿಸಲು ನಾನು ಒಪ್ಪುವುದಿಲ್ಲ. ಬೇಕರಿಯ ಖಾರಾ, ಪಫ್ಸುಗಳಿಗೆ ಅಂಟಿಸಲು ನನಗೆ ಹಿಂಜರಿಕೆ ಇಲ್ಲ.

ಲೆಕ್ಕಿಗ

ಮಿನೆಸೋಟದ ಅಧ್ಯಯನದಲ್ಲಿದ್ದವರು ಒಂಬತ್ತು ಮಂದಿ. ಒಂಬತ್ತು ಜನರ ಲಿವರ್ ಚೂರುಗಳಿಂದ ಬಂದ 59, 26, 15 ಎಂಬ ಅಂಕಿಗಳು ಇಪ್ಪತ್ತು ವರ್ಷಗಳಿಂದ ಎಲ್ಲ ಉಪನ್ಯಾಸಗಳಲ್ಲಿ ವೇದವಾಕ್ಯದಂತೆ ಓಡಾಡುತ್ತಿರುವುದು ನನಗೆ ಸರಿಕಾಣುವುದಿಲ್ಲ. ಇದಲ್ಲದೆ ಅವರೆಲ್ಲರೂ ಬೊಜ್ಜಿನವರೇ ಆಗಿದ್ದರೆ, ಬೊಜ್ಜಿನ ಪಾತ್ರವನ್ನು ಅದರಿಂದ ಬೇರ್ಪಡಿಸುವುದು ಹೇಗೆ?

ಜೀವರಸ

ಆಕ್ಷೇಪ ನ್ಯಾಯವಾದದ್ದು. ಲಿವರ್ ಚೂರು ತೆಗೆಯುವುದು ರಕ್ತ ತೆಗೆದಷ್ಟು ಸಲೀಸಲ್ಲ, ಆದುದರಿಂದ ಇಂತಹ ಅಧ್ಯಯನಗಳು ಸಣ್ಣವಾಗಿಯೇ ಇರುತ್ತವೆ. ನಿಮ್ಮ ಎರಡನೆಯ ಪ್ರಶ್ನೆಗೆ 2014ರ ಇನ್ನೊಂದು ಅಧ್ಯಯನ ಉತ್ತರಿಸುತ್ತದೆ. ಅದರಲ್ಲಿ ಹೋಲಿಸಿದ ಎರಡೂ ಗುಂಪಿನವರು ಮೈತೂಕ ಹೆಚ್ಚಿದ್ದವರೇ, ಮೈಕೊಬ್ಬಿನಲ್ಲಿಯೂ ಹೆಚ್ಚು ಅಂತರವಿರಲಿಲ್ಲ; ಒಂದು ಗುಂಪಿನ ಲಿವರ್‌ನಲ್ಲಿ ಮಾತ್ರ ಕೊಬ್ಬು ಹೆಚ್ಚು. ಹೊಸ ತಯಾರಿಕೆಯ ಪಾಲು ಆ ಗುಂಪಿನಲ್ಲಿ 23 ಶೇಕಡಾ, ಇನ್ನೊಂದರಲ್ಲಿ 10 ಶೇಕಡಾ. ಅಂದರೆ ತೂಕದ ಯಂತ್ರ ಒಂದೇ ಅಂಕಿ ತೋರಿಸಿದರೂ ಲಿವರ್‌ನ ಒಳಗಿನ ವ್ಯವಹಾರ ಬೇರೆಯಾಗಿರಬಹುದು.

ಮಲೆನಾಡವೈದ್ಯೆ

ಹೆಣ್ಣು ಗಂಡಿನ ಭೇದದ ಬಗ್ಗೆ ನಾನು ಬರೆಯುತ್ತೇನೆ; ಇದು ನನ್ನ ಹೊರರೋಗಿ ವಿಭಾಗದ ನಿತ್ಯದ ವಿಷಯ.

ಕೊಬ್ಬು ಎಲ್ಲಿ ಕೂರುತ್ತದೆ ಎಂಬುದು ಮೊದಲ ಭೇದ. ಫ್ರಾನ್ಸಿನ ಮಾರ್ಸೇಯ ವೈದ್ಯ ಜಾನ್ ವಾಗ್ 1947ರಲ್ಲಿಯೇ ಬೊಜ್ಜನ್ನು ಗಂಡುಬಗೆ, ಹೆಣ್ಣುಬಗೆ ಎಂದು ವಿಂಗಡಿಸಿ, ಹೊಟ್ಟೆ ಮತ್ತು ಮೈಯ ಮೇಲ್ಭಾಗದ ಬೊಜ್ಜೇ ಸಕ್ಕರೆ ಕಾಯಿಲೆಯ ಜೊತೆಗಾರನೆಂದು ತೋರಿಸಿದ್ದರು. ತೊಡೆ ಮತ್ತು ಸೊಂಟದ ಕೆಳಗಿನ ಕೊಬ್ಬು ಕೊಬ್ಬಿನಾಮ್ಲವನ್ನು ಹಿಡಿದಿಟ್ಟುಕೊಳ್ಳುತ್ತದೆ, ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಋತುಚಕ್ರ ನಡೆಯುತ್ತಿರುವ ಹೆಂಗಸರಿಗೆ ಇದು ರಕ್ಷಣೆ.

ಇಲ್ಲಿ ಬಹಳ ಪ್ರಚಾರದಲ್ಲಿರುವ ಒಂದು ಸರಳೀಕರಣವನ್ನು ತಿದ್ದಬೇಕು. "ಹೊಟ್ಟೆಯೊಳಗಿನ ಕೊಬ್ಬು ಪೋರ್ಟಲ್ ರಕ್ತನಾಳದ ಮೂಲಕ ನೇರವಾಗಿ ಲಿವರ್‌ಗೆ ಸುರಿಯುತ್ತದೆ, ಅದೇ ಎಲ್ಲಕ್ಕೂ ಕಾರಣ" ಎನ್ನುತ್ತಾರೆ. ಮೇಯೋ ಕ್ಲಿನಿಕ್‌ನ ತಂಡವು 2004ರಲ್ಲಿ ಅಳೆದು ನೋಡಿದಾಗ, ಲಿವರ್‌ಗೆ ತಲುಪುವ ಕೊಬ್ಬಿನಾಮ್ಲದಲ್ಲಿ ಹೊಟ್ಟೆಯೊಳಗಿನ ಕೊಬ್ಬಿನ ಪಾಲು ತೆಳ್ಳಗಿನವರಲ್ಲಿ 5ರಿಂದ 10 ಶೇಕಡಾ, ಹೊಟ್ಟೆಯ ಬೊಜ್ಜು ವಿಪರೀತವಾಗಿದ್ದವರಲ್ಲಿ 20ರಿಂದ 25 ಶೇಕಡಾ. ಮಿಕ್ಕದ್ದರಲ್ಲಿ ಹೆಚ್ಚಿನಂಶ ಬರುವುದು ಮೈಯ ಮೇಲ್ಭಾಗದ ಚರ್ಮದಡಿಯ ಕೊಬ್ಬಿನಿಂದ. ಆದುದರಿಂದ ದೊಡ್ಡ ಹೊಟ್ಟೆ ಅಪಾಯದ ಗುರುತು ಎಂಬುದು ನಿಜ, ಆದರೆ ಏಕೈಕ ಮೂಲವಲ್ಲ. ಅದೇ ಅಧ್ಯಯನದಲ್ಲಿ ಈ ಏರಿಕೆ ಗಂಡಸರಿಗಿಂತ ಹೆಂಗಸರಲ್ಲಿ ತುಸು ಕಡಿದಾಗಿ ಕಂಡಿತ್ತು. ಹೆಣ್ಣಿಗೆ ಹೊಟ್ಟೆಯ ಬೊಜ್ಜು ಬಂದರೆ ಅವಳ ರಕ್ಷಣೆ ನಿಧಾನವಾಗಿ ಅಲ್ಲ, ಬೇಗನೆ ಕಳಚುತ್ತದೆ ಎಂಬ ನನ್ನ ಅನುಭವಕ್ಕೆ ಅದು ಹೊಂದುತ್ತದೆ.

ಎರಡನೆಯ ಭೇದ ಲಿವರ್‌ನ ಒಳಗೇ ಇದೆ. ಆಕ್ಸ್‌ಫರ್ಡ್‌ನ ತಂಡವೊಂದು 2011 ಮತ್ತು 2015ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಗುರುತು ಹಚ್ಚಿದ ಊಟವನ್ನು ಆರೋಗ್ಯವಂತ ಗಂಡಸರಿಗೂ ಹೆಂಗಸರಿಗೂ ಕೊಟ್ಟು ನೋಡಿದಾಗ, ಹೆಂಗಸರ ಲಿವರ್ ಕೊಬ್ಬಿನಾಮ್ಲವನ್ನು ಹೆಚ್ಚಾಗಿ ಉರಿಸಿ ಕೀಟೋನ್‌ನ ಕಡೆಗೆ ತಿರುಗಿಸುತ್ತಿತ್ತು. ಗಂಡಸರಲ್ಲಿ ಊಟದ ನಂತರದ ಹೊಸ ತಯಾರಿಕೆಯೇ ಹೆಚ್ಚಾಗಿತ್ತು. ಹೊಸದಾಗಿ ತಯಾರಿಸುವ ಹೊತ್ತಿನಲ್ಲಿ ಉಂಟಾಗುವ ಮಲೊನೈಲ್-ಕೋಎ ಎಂಬ ವಸ್ತು ಕೊಬ್ಬಿನಾಮ್ಲವನ್ನು ಮೈಟೊಕಾಂಡ್ರಿಯದೊಳಗೆ ಬಿಡದಂತೆ ಬಾಗಿಲು ಮುಚ್ಚುತ್ತದೆ. ಆದುದರಿಂದ ತಯಾರಿಕೆ ಹೆಚ್ಚಿದಲ್ಲಿ ದಹನ ಕಡಿಮೆಯಾಗುವುದು ಸಹಜ.

ಲೆಕ್ಕಿಗ

ಇದೆಲ್ಲವೂ ಈಸ್ಟ್ರೋಜನ್ನಿನಿಂದಲೇ ಎಂದು ಹೇಗೆ ಹೇಳುತ್ತೀರಿ, ಡಾಕ್ಟರೇ? ಹೆಂಗಸರು ಕಡಿಮೆ ಉಣ್ಣುತ್ತಾರೆ, ಮನೆಗೆಲಸದಲ್ಲಿ ಹೆಚ್ಚು ಓಡಾಡುತ್ತಾರೆ ಎಂದೂ ವಾದಿಸಬಹುದಲ್ಲ.

ಮಲೆನಾಡವೈದ್ಯೆ

ವಾದಿಸಬಹುದು. ಹಾರ್ಮೋನನ್ನು ಮಾತ್ರ ಬದಲಿಸಿ ನೋಡಿದ ಸಂದರ್ಭಗಳನ್ನು ಗಮನಿಸಿದರೆ ಆ ವಾದ ನಿಲ್ಲುವುದಿಲ್ಲ. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಈಸ್ಟ್ರೋಜನ್ನಿನ ಕೆಲಸವನ್ನು ತಡೆಯಲು ಟ್ಯಾಮಾಕ್ಸಿಫೆನ್ ಕೊಡುತ್ತೇವೆ. ಅದನ್ನು ತೆಗೆದುಕೊಳ್ಳುವವರಲ್ಲಿ ಗಣನೀಯ ಭಾಗಕ್ಕೆ ಲಿವರ್‌ನಲ್ಲಿ ಕೊಬ್ಬು ಸೇರುತ್ತದೆ. (ಇದನ್ನು ಓದಿ ಯಾರೂ ಆ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಅದು ಉಳಿಸುವ ಜೀವದ ಮುಂದೆ ಈ ಕೊಬ್ಬು ನಿಭಾಯಿಸಬಹುದಾದ ತೊಂದರೆ.) ಈಸ್ಟ್ರೋಜನ್ ತಯಾರಿಸುವ ಅರೊಮಟೇಸ್ ಎಂಬ ಕಿಣ್ವವೇ ಇಲ್ಲದಂತೆ ಬೆಳೆಸಿದ ಗಂಡು ಇಲಿಗಳಿಗೆ ಫ್ಯಾಟಿ ಲಿವರ್ ಬರುತ್ತದೆ, ಈಸ್ಟ್ರೋಜನ್ ಕೊಟ್ಟರೆ ಇಳಿಯುತ್ತದೆ. ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇರುವ ಯುವತಿಯರಲ್ಲಿ ಗಂಡು ಹಾರ್ಮೋನು ಏರಿದಾಗ ಲಿವರ್ ಕೊಬ್ಬೂ ಹೆಚ್ಚಾಗಿ ಕಾಣುತ್ತದೆ. ವಿಚಿತ್ರವೆಂದರೆ ಗಂಡಸರಲ್ಲಿ ಟೆಸ್ಟೊಸ್ಟೆರೋನ್ ಕಡಿಮೆಯಾದವರಿಗೇ ಫ್ಯಾಟಿ ಲಿವರ್ ಹೆಚ್ಚು. ಹಾಗಾಗಿ ಗಂಡು ಹಾರ್ಮೋನು ಕೆಟ್ಟದ್ದು, ಹೆಣ್ಣು ಹಾರ್ಮೋನು ಒಳ್ಳೆಯದು ಎಂದು ಗೆರೆ ಎಳೆದು ಮುಗಿಸುವಂತಿಲ್ಲ.

ಜೀವರಸ

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದು ಪ್ರಯೋಗವನ್ನು ಸೇರಿಸುತ್ತೇನೆ, ಇದು ನನಗೆ ಬಹಳ ಪ್ರಿಯವಾದದ್ದು. ಲಿವರ್ ತನ್ನ ಕೊಬ್ಬನ್ನು ವಿಎಲ್‌ಡಿಎಲ್ ಕಣದಲ್ಲಿ ಕಟ್ಟಿ ಹೊರಗೆ ಕಳಿಸಬೇಕಾದರೆ ಆ ಕಣದ ಹೊದಿಕೆಗೆ ಫಾಸ್ಫಟಿಡೈಲ್‌ಕೋಲೀನ್ ಬೇಕು. ಅದಕ್ಕೆ ಬೇಕಾದ ಕೋಲೀನ್ ಮೊಟ್ಟೆ, ಮಾಂಸ, ಸೋಯಾಗಳಿಂದ ಬರುತ್ತದೆ. ಇದಲ್ಲದೆ ಪಿಇಎಂಟಿ ಎಂಬ ಕಿಣ್ವದಿಂದ ಲಿವರ್ ಈ ಹೊದಿಕೆಯ ವಸ್ತುವನ್ನು ತಾನೇ ತಯಾರಿಸಿಕೊಳ್ಳಬಲ್ಲದು. ಆ ಕಿಣ್ವದ ಜೀನನ್ನು ಎಬ್ಬಿಸುವುದು ಈಸ್ಟ್ರೋಜನ್. ಅಮೆರಿಕದ ನಾರ್ತ್ ಕೆರೊಲಿನದಲ್ಲಿ ಸ್ವಯಂಸೇವಕರಿಗೆ ಕೋಲೀನ್ ಬಹುತೇಕ ಇಲ್ಲದ ಆಹಾರವನ್ನು ಕೊಟ್ಟು ನೋಡಿದರು (ಫಲಿತಾಂಶ ಬಂದದ್ದು 2007ರಲ್ಲಿ). ಗಂಡಸರಲ್ಲಿ 77 ಶೇಕಡಾ, ಋತುಬಂಧ ಕಳೆದ ಹೆಂಗಸರಲ್ಲಿ 80 ಶೇಕಡಾ ಮಂದಿಗೆ ಲಿವರ್ ಕೊಬ್ಬು ಅಥವಾ ಸ್ನಾಯುಹಾನಿ ಕಾಣಿಸಿಕೊಂಡಿತು; ಋತುಚಕ್ರ ನಡೆಯುತ್ತಿದ್ದ ಹೆಂಗಸರಲ್ಲಿ 44 ಶೇಕಡಾ ಮಾತ್ರ. ಇವರೆಲ್ಲರಿಗೂ ಕೊಟ್ಟ ಆಹಾರ ಒಂದೇ ಬಗೆಯದು. ಹೇಮಾವತಿದಂಡೆಯವರು ಕೇಳಿದ ಅತ್ತೆಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಅಗಸೆಹೊಲ

ನಾನು ವಿಜಯಪುರದ ಕಡೆಯವಳು, ನಮ್ಮ ಊಟದಲ್ಲಿ ಅಗಸೆ ಚಟ್ನಿಪುಡಿ ದಿನವೂ ಇರುತ್ತದೆ. ಒಮೆಗಾ-3 ಲಿವರ್‌ಗೆ ಒಳ್ಳೆಯದೆಂದು ಕೇಳಿದ್ದೇನೆ. ಮೀನು ತಿನ್ನದವರಿಗೆ ಅಗಸೆಯಿಂದ ಅದು ಸಿಕ್ಕೀತೇ? ಇಲ್ಲಿಯೂ ಹೆಣ್ಣು ಗಂಡೆಂಬ ಭೇದ ಇದೆಯೇ?

ಜೀವರಸ

ಇದೆ, ಅದೂ ಸ್ಪಷ್ಟವಾಗಿ ಇದೆ. ಅಗಸೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಆಲ್ಫಾ-ಲಿನೊಲೆನಿಕ್ ಆಮ್ಲ ಎಂಬ ಒಮೆಗಾ-3. ಅದು 18 ಇಂಗಾಲದ ಸರಪಳಿ. ಭೂತಾಯಿ, ಬಂಗುಡೆ ಮೀನುಗಳಲ್ಲಿರುವ ಡಿಎಚ್‌ಎ ಎಂಬ ಒಮೆಗಾ-3 22 ಇಂಗಾಲದ್ದು, ಅದರಲ್ಲಿ ಜೋಡಿಬಂಧಗಳು ಆರು. ಮೊದಲನೆಯದನ್ನು ಎರಡನೆಯದಾಗಿ ಬೆಳೆಸುವ ಕೆಲಸ ಮುಖ್ಯವಾಗಿ ಲಿವರ್‌ನದು. ಡೆಸಾಚುರೇಸ್ ಎಂಬ ಕಿಣ್ವಗಳು ಅದನ್ನು ಮಾಡುತ್ತವೆ, ಮತ್ತು ಅವು ಬಲು ನಿಧಾನ. 2002ರಲ್ಲಿ ಸೌತಾಂಪ್ಟನ್ನಿನಲ್ಲಿ ಅಳೆದಾಗ ಯುವತಿಯರಲ್ಲಿ ಸ್ವಲ್ಪ ಭಾಗ ಡಿಎಚ್‌ಎ ಆಗಿ ಮಾರ್ಪಟ್ಟಿತ್ತು, ಯುವಕರಲ್ಲಿ ಅದು ಪತ್ತೆಯಾಗುವಷ್ಟೂ ಇರಲಿಲ್ಲ. 2004ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದ ಅಧ್ಯಯನ ಇನ್ನೂ ನೇರವಾದದ್ದು: ಲಿಂಗ ಪರಿವರ್ತನೆಯ ಹಾರ್ಮೋನ್ ಚಿಕಿತ್ಸೆ ಪಡೆಯುತ್ತಿದ್ದವರಲ್ಲಿ, ಬಾಯಿಯ ಮೂಲಕ ಈಸ್ಟ್ರೋಜನ್ ಪಡೆದವರ ರಕ್ತದ ಡಿಎಚ್‌ಎ 42 ಶೇಕಡಾ ಏರಿತು, ಟೆಸ್ಟೊಸ್ಟೆರೋನ್ ಪಡೆದವರದು 22 ಶೇಕಡಾ ಇಳಿಯಿತು.

ಈ ಲಾಭವನ್ನು ಬೊಜ್ಜು ಕಸಿಯುತ್ತದೆ. ಚಿಲಿ ದೇಶದಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಬಂದವರ ಲಿವರ್ ಚೂರುಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫ್ಯಾಟಿ ಲಿವರ್ ಇದ್ದವರಲ್ಲಿ ಉದ್ದ ಸರಪಳಿಯ ಒಮೆಗಾ-3 ಮತ್ತು ಒಮೆಗಾ-6 ಎರಡೂ ಕುಗ್ಗಿದ್ದವು, ಒಮೆಗಾ-3ಕ್ಕೆ ಹೋಲಿಸಿದರೆ ಒಮೆಗಾ-6ರ ಅನುಪಾತ ಮಾತ್ರ ಏರಿತ್ತು. ಡೆಸಾಚುರೇಸ್‌ಗಳ ಕೆಲಸ ತಗ್ಗಿರುವ ಸೂಚನೆ ಕಂಡಿತು. ಇದರಲ್ಲೊಂದು ವಿಷಚಕ್ರವಿದೆ. ಈ ಉದ್ದ ಸರಪಳಿಯ ಕೊಬ್ಬಿನಾಮ್ಲಗಳು ಸಾಮಾನ್ಯವಾಗಿ ಎಸ್‌ಆರ್‌ಇಬಿಪಿ-1ಸಿ ಎಂಬ ನಿಯಂತ್ರಕವನ್ನು ಹತ್ತಿಕ್ಕಿ, ಲಿವರ್‌ನಲ್ಲಿ ಹೊಸ ಕೊಬ್ಬು ಹುಟ್ಟದಂತೆ ತಡೆಯುತ್ತವೆ. ಅವೇ ಕುಗ್ಗಿದಾಗ ತಯಾರಿಕೆಗೆ ಲಗಾಮಿಲ್ಲ. ತಯಾರಾಗುವುದು ಮೊದಲು ಪಾಮಿಟಿಕ್ ಆಮ್ಲ. ಎಸ್‌ಸಿಡಿ-1 ಎಂಬ ಕಿಣ್ವದಿಂದ ಅದರಲ್ಲಿ ಒಂದಿಷ್ಟು ಪಾಮಿಟೊಲೀಕ್ ಆಮ್ಲವಾಗಿ, ಇನ್ನೊಂದಿಷ್ಟು ಸರಪಳಿ ಬೆಳೆದು ಓಲಿಕ್ ಆಮ್ಲವಾಗಿ ಮಾರ್ಪಡುತ್ತದೆ. ಓಲಿಕ್ ಆಮ್ಲ ಟ್ರೈಗ್ಲಿಸರೈಡ್ ಹನಿಯಾಗಿ ತಣ್ಣಗೆ ಕೂರುತ್ತದೆ. ಮಾರ್ಪಡದೆ ಉಳಿದ ಪಾಮಿಟಿಕ್ ಆಮ್ಲವೇ ಕೋಶಕ್ಕೆ ನಂಜು. ಹನಿಗಳನ್ನು ಕಂಡು ಹೆದರುವ ನಾವು ವಾಸ್ತವದಲ್ಲಿ ಹೆದರಬೇಕಾದದ್ದು ಹನಿಯಾಗದೆ ಉಳಿದದ್ದಕ್ಕೆ.

ಅಗಸೆ ಚಟ್ನಿಯನ್ನು ಧಾರಾಳವಾಗಿ ತಿನ್ನಿ, ಆದರೆ ಅದು ಭೂತಾಯಿಗೆ ಸಮ ಎಂದು ನಂಬಬೇಡಿ, ಅದರಲ್ಲಿಯೂ ಮನೆಯ ಗಂಡಸರ ಪಾಲಿಗೆ.

ಕಡಲತಡಿ

ಹಾಗಾದರೆ ಮೀನೆಣ್ಣೆಯ ಮಾತ್ರೆ ನುಂಗಿದರೆ ಮುಗಿಯಿತು ಎನ್ನಿ!

ಮಲೆನಾಡವೈದ್ಯೆ

ಮುಗಿಯುವುದಿಲ್ಲ. ಸೌತಾಂಪ್ಟನ್ನಿನಲ್ಲಿಯೇ 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 4 ಗ್ರಾಂ ಒಮೆಗಾ-3ನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಕೊಟ್ಟರು. ಒಟ್ಟು ಗುಂಪಿನಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಕೆಂಪು ರಕ್ತಕಣಗಳಲ್ಲಿ ಡಿಎಚ್‌ಎ ನಿಜವಾಗಿ ಏರಿದವರಲ್ಲಿ ಮಾತ್ರ ಲಿವರ್ ಕೊಬ್ಬು ಇಳಿಯಿತು. ವಾರಕ್ಕೆರಡು ಸಲ ಬಂಗುಡೆ ಪುಳಿಮುಂಚಿ ತಿನ್ನಲು ನಾನು ಬೇಡವೆನ್ನುವುದಿಲ್ಲ, ಕರಿದದ್ದು ಬೇಡ.

ಸಣಕಲು

ನನ್ನ ತೂಕ 61 ಕಿಲೋ, ಎತ್ತರ ಐದಡಿ ಏಳಂಗುಲ, ನೋಡಿದವರೆಲ್ಲ ಸಣಕಲ ಎನ್ನುತ್ತಾರೆ. ಆದರೂ ರಿಪೋರ್ಟಿನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ ಎಂದು ಬಂದಿದೆ. ಈ ಚರ್ಚೆಯಲ್ಲಿ ನನಗೆ ಜಾಗವಿದೆಯೇ?

ಮಲೆನಾಡವೈದ್ಯೆ

ಖಂಡಿತ ಇದೆ, ಭಾರತೀಯ ಗಂಡಸರಲ್ಲಿ ನಿಮ್ಮಂಥವರು ಅಪರೂಪವೇನಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಒಂದೇ, 22.3, ಮೈಕೊಬ್ಬು ಮಾತ್ರ ಯುಡ್ಕಿನ್ನರಲ್ಲಿ 9.1 ಶೇಕಡಾ, ಯಾಜ್ಞಿಕರಲ್ಲಿ 21.2 ಶೇಕಡಾ. ಯೇಲ್ ವಿಶ್ವವಿದ್ಯಾಲಯದ ತಂಡವು 2006ರಲ್ಲಿ, ತೆಳ್ಳಗಿನ ಆರೋಗ್ಯವಂತ ಯುವಕರನ್ನು ಹೋಲಿಸಿದಾಗ, ಭಾರತೀಯ ಮೂಲದವರ ಲಿವರ್ ಕೊಬ್ಬು ಬಿಳಿಯರದಕ್ಕಿಂತ ಸುಮಾರು ಎರಡರಷ್ಟಿತ್ತು. ಈ ಕಾರಣಕ್ಕೇ ನಮ್ಮಲ್ಲಿ ಬಿಎಂಐ 23 ದಾಟಿದರೆ ತೂಕ ಹೆಚ್ಚೆಂದೂ 25 ಮುಟ್ಟಿದರೆ ಬೊಜ್ಜೆಂದೂ ಎಣಿಸುತ್ತೇವೆ. ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್. ನೀವು ತಕ್ಕಡಿಯನ್ನು ಬಿಟ್ಟು ಟೇಪು ಹಿಡಿಯಿರಿ. ಪಿಎನ್‌ಪಿಎಲ್‌ಎ3 ಎಂಬ ಜೀನಿನ ಒಂದು ಬಗೆ ಇರುವವರಿಗೆ ಬೊಜ್ಜಿಲ್ಲದೆಯೂ ಲಿವರ್‌ನಲ್ಲಿ ಕೊಬ್ಬು ನಿಲ್ಲುತ್ತದೆ ಎಂಬುದು 2008ರಿಂದ ಗೊತ್ತಿದೆ.

ಹೇಮಾವತಿದಂಡೆ

ಎಲ್ಲರಿಗೂ ಧನ್ಯವಾದಗಳು. ಇನ್ನೊಂದು ಪ್ರಶ್ನೆ ಉಳಿದಿದೆ. ಗಂಡಸರಿಗೆ ಬೇಗ ಬರುತ್ತದೆ, ಹೆಂಗಸರಿಗೆ ತಡವಾಗಿ ಬರುತ್ತದೆ ಎಂದಾದರೆ ತಡವಾಗಿ ಬಂದದ್ದು ಹಗುರವೆಂದು ತಿಳಿಯಬಹುದೇ? ನಮ್ಮ ಅತ್ತೆಯವರು ಹಾಗೆಯೇ ನೆಮ್ಮದಿಯಿಂದಿದ್ದಾರೆ. ಈಸ್ಟ್ರೋಜನ್ ಮಾತ್ರೆಯಿಂದ ಅದನ್ನು ಸರಿಪಡಿಸಬಹುದೇ ಎಂದೂ ಕೇಳಿ ತಿಳಿಯಬೇಕೆಂದಿದ್ದೇನೆ.

ಮಲೆನಾಡವೈದ್ಯೆ

ಹಗುರವೆಂದು ತಿಳಿಯಬಾರದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಫ್ಯಾಟಿ ಲಿವರ್ ಬರುವ ಸಂಭವ ಹೆಂಗಸರಲ್ಲಿ 19 ಶೇಕಡಾ ಕಡಿಮೆ. ಆದರೆ ಬಂದ ಮೇಲೆ ಅದು ತೀವ್ರ ಫೈಬ್ರೋಸಿಸ್‌ಗೆ, ಅಂದರೆ ಲಿವರ್ ಗಾಯಗಟ್ಟಿ ಗಡುಸಾಗುವ ಹಂತಕ್ಕೆ ಹೋಗುವ ಸಂಭವ ಹೆಂಗಸರಲ್ಲಿಯೇ 37 ಶೇಕಡಾ ಹೆಚ್ಚು, ಮುಖ್ಯವಾಗಿ 50 ದಾಟಿದವರಲ್ಲಿ. ಲಿವರ್ ಕೊಬ್ಬಿಗೆಂದೇ ಈಸ್ಟ್ರೋಜನ್ ಕೊಡುವ ಪದ್ಧತಿ ಇಲ್ಲ. ಅದನ್ನು ಋತುಬಂಧದ ತೊಂದರೆಗಳಿಗಾಗಿ, ಸ್ತನ ಕ್ಯಾನ್ಸರ್ ಮತ್ತು ರಕ್ತ ಹೆಪ್ಪುಗಟ್ಟುವಿಕೆಯ ಅಪಾಯವನ್ನು ತೂಗಿ ನೋಡಿ ಕೊಡುತ್ತೇವೆ.

ಸ್ಕ್ಯಾನಿಂಗ್ ಹೇಳುವುದು ಕೊಬ್ಬು ಸುಮಾರಾಗಿ ಎಷ್ಟಿದೆ ಎಂಬುದನ್ನು. ಯಾವ ಕೊಬ್ಬಿನಾಮ್ಲ, ಎಷ್ಟು ಹಾನಿ ಎಂದು ಅದು ಹೇಳಲಾರದು. ಅತ್ತೆಯವರ ಎಎಸ್‌ಟಿ, ಎಎಲ್‌ಟಿ ಎಂಬ ಲಿವರ್ ಕಿಣ್ವಗಳ ಪರೀಕ್ಷೆ ಮತ್ತು ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ, ವಯಸ್ಸಿನ ಜೊತೆ ಸೇರಿಸಿ ಫಿಬ್-4 ಅಂಕವನ್ನು ಲೆಕ್ಕ ಹಾಕಿಸಿ. 1.3ರ ಕೆಳಗಿದ್ದರೆ ತೀವ್ರ ಫೈಬ್ರೋಸಿಸ್ ಇರುವ ಸಂಭವ ಕಡಿಮೆ. 65 ವರ್ಷ ದಾಟಿದವರಿಗೆ ಆ ಮಿತಿಯನ್ನು 2 ಎಂದು ಹಿಡಿಯುತ್ತೇವೆ. ಮೇಲಿದ್ದರೆ ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಬೇಕು. ನಿಮಗೆ ಬೇಸರವಾದರೂ ಹೇಳಲೇಬೇಕು: ತೂಕದ 7ರಿಂದ 10 ಶೇಕಡಾ ಇಳಿದರೆ ಉರಿಯೂತವೂ ತಗ್ಗುವುದು ಬಯಾಪ್ಸಿಗಳಲ್ಲಿಯೇ ಕಂಡಿದೆ, ಗಂಡಸರಲ್ಲಿಯೂ ಹೆಂಗಸರಲ್ಲಿಯೂ.

ಹೇಮಾವತಿದಂಡೆ

ಅವರ ಎಎಸ್‌ಟಿ 38, ಎಎಲ್‌ಟಿ 36, ಪ್ಲೇಟ್‌ಲೆಟ್ 2.1 ಲಕ್ಷ, ವಯಸ್ಸು 58. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ 210 (ಸಾವಿರದ ಲೆಕ್ಕದಲ್ಲಿ) ಮತ್ತು ಎಎಲ್‌ಟಿಯ ವರ್ಗಮೂಲ 6, ಇವುಗಳ ಗುಣಲಬ್ಧದಿಂದ ಭಾಗಿಸಿದರೆ 1.75 ಬರುತ್ತದೆ. ಲೆಕ್ಕ ಸರಿಯಿದೆಯೇ?

ಲೆಕ್ಕಿಗ

ಸರಿಯಿದೆ. ಇದು 1.3ನ್ನು ದಾಟಿದೆ, ಫೈಬ್ರೋಸ್ಕ್ಯಾನ್‌ಗೆ ಬರೆಸಿಕೊಳ್ಳಿ.